ಏಳು ಮಂದಿ ಶರಣಮ್ಮ

ಪುಣೆಯ ನಿಗಡಿಯಲ್ಲಿ ಮೋಹನದಾಸರ ಹೋಟೆಲಿನ ಮೇಲಿನ ಎರಡು ಕೋಣೆಗಳಲ್ಲಿ ಜಗತ್ತಿಗೆ ಉಪಕಾರ ನಡೆಯುತ್ತಿತ್ತು. ಮಾಡುತ್ತಿದ್ದವರು ಇಬ್ಬರು: ಮೋಹನದಾಸರ ಅಕ್ಕನ ಮಗ ಸುಖೇಶ, ಅವನ ಜೊತೆ ಇಂಜಿನಿಯರಿಂಗ್ ಓದಿದ ಸೊಲ್ಲಾಪುರದ ಮಧುಕರ. ಅವರಿಬ್ಬರಿಗೂ ಚಹಾ ಕಾಸಿಕೊಟ್ಟು, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದವನು ಈರಬಸಪ್ಪ. ಆ ಉಪಕಾರ ಏನೆಂದು ಅವನಿಗೆ ತಿಳಿಯಲು ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ ನಗು ಬಂತು. ಆದರೆ ಈರಬಸಪ್ಪ ನಗುವುದೂ ಮೆಲ್ಲಗೆ, ಮೀಸೆಯ ಒಳಗೇ.

ಭೀಮಾ ನದಿಯ ದಂಡೆಯ ಊರು ಬಿಟ್ಟು ಬಂದು ಇಪ್ಪತ್ತೆರಡು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತವನು ಅವನು. ಕಡೆಯ ಒಂಬತ್ತು ವರ್ಷ ಮೂವತ್ತು ಹಮಾಲರಿಗೆ ಮುಕಾದಮ. ಮೊಣಕಾಲು ಕೈಕೊಟ್ಟ ಮೇಲೆ ಈ ಸ್ಟೂಲಿಗೆ ಬಂದಿದ್ದ. ಶಾಲೆಗೆ ಹೋದದ್ದು ಎರಡೇ ಮಳೆಗಾಲ. ಆದ್ದರಿಂದ ಕಂಡದ್ದು ಕೇಳಿದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳಬೇಕಾಗಿತ್ತು, ಇಟ್ಟುಕೊಂಡಿದ್ದ.

ಹುಡುಗರ ಮೇಜಿನ ಮೇಲೆ ಅಂಗೈಯಗಲದ ಯಂತ್ರಗಳು ನಾಲ್ಕಿದ್ದವು. ಪ್ಲಾಸ್ಟಿಕ್ ಕಡ್ಡಿಯಿಂದ ಗಾಜಿನ ಮೇಲೆ ಚುಚ್ಚಿ ಚುಚ್ಚಿ ಹೆಸರು, ಊರು, ವಿಳಾಸ ಬರೆದಿಡುವಂಥವು. ಒಬ್ಬೊಬ್ಬರ ಕೈಯಲ್ಲಿ ಒಂದೊಂದಿದ್ದರೆ ಇವನು ಬರೆದದ್ದು ಅವನಿಗೆ ಗೊತ್ತಾಗದು. ಅದಕ್ಕಾಗಿ ಎಲ್ಲ ಯಂತ್ರಗಳೂ ತಂತಿಯ ಮೇಲೆ ಒಂದು ದೊಡ್ಡ ಕಂಪ್ಯೂಟರಿನ ಜೊತೆ ಮಾತಾಡಿ, ತಂತಮ್ಮ ಪಟ್ಟಿ ತಾಳೆ ನೋಡಿಕೊಂಡು, ಕೊನೆಗೆ ಎಲ್ಲದರಲ್ಲೂ ಒಂದೇ ಪಟ್ಟಿ ಉಳಿಯುವಂತೆ ಮಾಡಬೇಕು. ಇದಕ್ಕೆ ಅವರು ಸಿಂಕ್ ಅನ್ನುತ್ತಿದ್ದರು. ಹಾಗೆ ಮಾಡಿಸುವ ಸಾಫ್ಟ್‌ವೇರನ್ನು ಇವರಿಬ್ಬರು, ಜರ್ಮನಿಯಲ್ಲೊಬ್ಬ, ಅಮೆರಿಕದಲ್ಲಿಬ್ಬರು, ಇನ್ನೆಲ್ಲೆಲ್ಲೋ ಹತ್ತಾರು ಮಂದಿ ಸೇರಿ ಬರೆಯುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅದಕ್ಕೆ ‘ಸಂಗಮ’ ಎಂದು ಹೆಸರಿಡುವುದಕ್ಕೇ ನಾಲ್ಕು ತಿಂಗಳು ಪತ್ರಗಳು ಓಡಾಡಿದ್ದವು. ಈರಬಸಪ್ಪನ ಊರಲ್ಲಿ ಕೂಸಿಗೆ ಹೆಸರಿಡಲು ತೊಟ್ಟಿಲು ನಾಲ್ಕು ಸಲ ತೂಗುವಷ್ಟು ಹೊತ್ತು ಸಾಕು.

“ಬರೆದದ್ದೆಲ್ಲ ಬಯಲಲ್ಲಿ ಇಟ್ಟಿದ್ದೇವೆ ಅಜ್ಜ,” ಎಂದು ಸುಖೇಶ ಒಮ್ಮೆ ಚಹಾ ಕುಡಿಯುತ್ತ ಬಿಡಿಸಿ ಹೇಳಿದ್ದ. “ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಕ್ಕೊಂಡು ಹೋಗಬಹುದು. ಬೀಗ ಎಂಬುದೇ ಇಲ್ಲ.”

“ಊರ ಕೆರಿ ಇದ್ದಂಗ ಅನ್ರಿ.”

“ಕರೆಕ್ಟ್ ಅಜ್ಜ. ಊರ ಕೆರೆ.”

“ಹೂಳ ಯಾರು ತಗೀತಾರ್ರಿ?”

ಸುಖೇಶ ಮಧುಕರನ ಮುಖ ನೋಡಿದ. ಮಧುಕರ ಕಂಪ್ಯೂಟರಿನ ಮುಖ ನೋಡಿದ. ಬೀಗವೇ ಇಲ್ಲದ ಆ ಸಾಫ್ಟ್‌ವೇರನ್ನು ಬರೆಯುವ ಕೋಣೆಗೆ ಎರಡು ಬೀಗಗಳಿದ್ದವು. ಎರಡರ ಕೀಲಿಯೂ ಈರಬಸಪ್ಪನ ಉಡಿದಾರದಲ್ಲಿ ತೂಗುತ್ತಿತ್ತು.

ಎರಡು ಸಾವಿರದ ನಾಲ್ಕನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಈ ಕೆರೆಗೆ ಮೊದಲ ಸಲ ಬಾಯಾರಿದವರು ಬಂದರು. ಕಟ್ಟಡ ಕೆಲಸದವರ ಮಕ್ಕಳಿಗಾಗಿ ಬಾಲವಾಡಿ ನಡೆಸುವ ಒಂದು ಸಂಸ್ಥೆ. ಯಾರೋ ದಾನಿಗಳು ಅದಕ್ಕೆ ಹತ್ತು ಯಂತ್ರಗಳನ್ನು ಕೊಟ್ಟಿದ್ದರು. ಹಾಲು ಕೊಡುವ ದಾನಿ ಸಿಕ್ಕಿರಲಿಲ್ಲ. ಯಂತ್ರ ಬಂದ ಮೇಲೆ ಬಳಸಬೇಕಲ್ಲ. ಪ್ರತಿ ಬಾಲವಾಡಿಯ ಬಾಯಿ, ಅಂದರೆ ಟೀಚರು, ತಾಯಂದಿರ ಹೆಸರನ್ನು ಯಂತ್ರದಲ್ಲಿ ಬರೆದು, ಸಂಜೆ ಗುತ್ತಿಗೆದಾರನ ಆಫೀಸಿನ ಫೋನಿಗೆ ತಗುಲಿಸಿ ಸಿಂಕ್ ಮಾಡಬೇಕು. ಸೋಮವಾರ ಸಂಸ್ಥೆಯ ಆಫೀಸಿನಿಂದ ಅಚ್ಚಾದ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿದ್ದಷ್ಟು ಮಕ್ಕಳಿಗೆ ಗುತ್ತಿಗೆದಾರ ಹಾಲು ಕೊಡಬೇಕು. ಪಟ್ಟಿಯಲ್ಲಿಲ್ಲದ ಕೂಸಿಗೆ ಹಾಲಿಲ್ಲ, ಜಾಗವಿಲ್ಲ.

ಪಕ್ಕದ ಆಕುರ್ಡಿಯ ಹತ್ತಿರ ಹನ್ನೊಂದು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ಈರಬಸಪ್ಪನ ಮೊಮ್ಮಗಳು ಶರಣಮ್ಮ ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಗಂಡ ಭೀಮು ಸಿಮೆಂಟು ಕಲೆಸುತ್ತಿದ್ದ. ಅವರ ಹತ್ತು ತಿಂಗಳ ಮಗ ಪ್ರೇಮಕುಮಾರ ಆಗಷ್ಟೇ ಅಂಬೆಗಾಲು ಕಲಿತಿದ್ದ. ಅವನ ಕಾಲಿಗೆ ಹಳೆ ಸೀರೆಯ ಅಂಚು ಕಟ್ಟಿ, ಮರಳುಗುಡ್ಡೆಯ ಪಕ್ಕದ ಗೂಟಕ್ಕೆ ಬಿಗಿದು ಅವಳು ಕೆಲಸಕ್ಕೆ ಏರುತ್ತಿದ್ದಳು. ಗೂಟದಿಂದ ಎಂಟು ಹೆಜ್ಜೆಗೆ ಲಿಫ್ಟಿನ ಗುಂಡಿ ಬಾಯಿ ತೆರೆದುಕೊಂಡಿತ್ತು. ಒಂದು ದಿನ ಗಂಟು ಸಡಿಲಿ ಪ್ರೇಮಕುಮಾರ ಆರು ಹೆಜ್ಜೆ ಹೋಗಿದ್ದ. ಉಳಿದ ಎರಡು ಹೆಜ್ಜೆ ಈರಬಸಪ್ಪನ ನೆನಪಿನಲ್ಲಿ ಹಗಲೂ ಇರುಳೂ ಉಳಿದೇ ಇದ್ದವು. ಹುಡುಗ ಬಾಲವಾಡಿ ಸೇರಬೇಕು, ಅಷ್ಟೆ. ಅಜ್ಜನಿಗೆ ಬೇರೇನೂ ಬೇಕಿರಲಿಲ್ಲ.

ಅಲ್ಲಿನ ಬಾಲವಾಡಿಯ ಬಾಯಿ ಭುವನೇಶ್ವರಿ. ಕನ್ನಡದವಳೇ, ಆದರೆ ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲಿ. ಒಳ್ಳೆಯ ಹುಡುಗಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ತಾಯಂದಿರು ಹೇಳಿದ್ದನ್ನೇ ಬರೆಯಬೇಕು, ಒಂದು ಅಂಕಣವನ್ನೂ ಖಾಲಿ ಬಿಡಬಾರದು ಎಂದು ಅವಳಿಗೆ ಸಂಸ್ಥೆ ತಾಕೀತು ಮಾಡಿತ್ತು.

ಆ ಕಟ್ಟಡಕ್ಕೆ ಆಳುಗಳನ್ನು ತಂದವನು ಭೀಮಾ ದಂಡೆಯ ಒಂದೇ ಊರಿನಿಂದ, ಈರಬಸಪ್ಪನ ಊರಿನಿಂದಲೇ, ಎರಡು ಲಾರಿ ತುಂಬಿ ತಂದಿದ್ದ. ಆ ಊರಿನ ಪ್ರತಿ ಎರಡನೆಯ ಮನೆಯವರೂ ಕಲಬುರಗಿಯ ಶರಣಬಸಪ್ಪನಿಗೆ ಹರಕೆ ಹೊತ್ತವರು. ಹೆಣ್ಣು ಹುಟ್ಟಿದರೆ ಶರಣಮ್ಮ. ಗಂಡಾದರೆ, ಹೊಳೆಯ ನೀರು ಕುಡಿದ ಋಣಕ್ಕೆ, ಭೀಮು. ಹೀಗಾಗಿ ಆ ಕಟ್ಟಡದಲ್ಲಿ ಎಳೆಗೂಸಿನ ತಾಯಂದಿರು ಹದಿನೈದು ಮಂದಿಯಾದರೆ ಅವರಲ್ಲಿ ಏಳು ಮಂದಿ ಶರಣಮ್ಮ.

“ಹೆಸರು?”

“ಶರಣಮ್ಮ ರೀ.”

“ವಯಸ್ಸು?”

“ಇಪ್ಪತ್ತಿರಬೇಕು ನೋಡ್ರಿ.” ಏಳೂ ಮಂದಿಗೆ ಇಪ್ಪತ್ತೇ ಇರಬೇಕು.

“ಗಂಡನ ಹೆಸರು?”

ಇಲ್ಲಿ ಏಳೂ ಮಂದಿ ಸೆರಗು ಬಾಯಿಗೆ ಹಿಡಿದು ನಕ್ಕರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಆ ಊರಿಗೆಲ್ಲ ಗೊತ್ತು. ಭುವನೇಶ್ವರಿ ಮತ್ತೆ ಮತ್ತೆ ಕೇಳಿದಾಗ ಮೊದಲನೆಯವಳು, “ನಮ್ಮ ಕೂಸಿನಪ್ಪ ರೀ,” ಅಂದಳು. ಅವಳ ಹಿಂದೆ ಉಳಿದವರೂ ಅದನ್ನೇ ಅಂದರು. ಹೇಳಿದ್ದನ್ನೇ ಬರೆಯಬೇಕಲ್ಲ. ಭುವನೇಶ್ವರಿ ಏಳು ಸಲ ‘ಕೂಸಿನಪ್ಪ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಚುಚ್ಚಿ, ಸಂಜೆ ಸಿಂಕ್ ಮಾಡಿ ಮನೆಗೆ ಹೋದಳು. ಬೆಳಿಗ್ಗೆ ನೋಡಿದರೆ ಯಂತ್ರದಲ್ಲಿ ಒಬ್ಬಳೇ ಶರಣಮ್ಮ. ಹೆಸರು ಒಂದು, ಊರು ಒಂದು, ವಯಸ್ಸು ಒಂದು, ಗಂಡ ಒಬ್ಬ. ಯಾರೋ ಒಬ್ಬಳನ್ನೇ ತಪ್ಪಿ ಏಳು ಸಲ ಬರೆದಿದ್ದಾರೆಂದು ತಿಳಿದ ಸಂಗಮ ಆರು ಮಂದಿಯನ್ನು ಒರೆಸಿ ಹಾಕಿತ್ತು. ಮತ್ತೆ ಬರೆದಳು. ಸಂಗಮ ಮತ್ತೆ ಒರೆಸಿತು. ಹಾಗೆ ನಾಲ್ಕು ದಿನ ಇವಳು ಹಡೆದಷ್ಟನ್ನೂ ಅದು ನುಂಗಿತು.

ಸೋಮವಾರ ಅಚ್ಚಾದ ಪಟ್ಟಿ ಬಂತು. ಬಾಲವಾಡಿಯ ಬಾಗಿಲಲ್ಲಿ ಆಯಾ ಸಾಬವ್ವ ಅದನ್ನು ಹಿಡಿದು ನಿಂತಳು.

“ಒಬ್ಬಾಕಿ ಶರಣಮ್ಮ ಅಂತ ಬರದಾರವ್ವ. ಒಬ್ಬಾಕಿನ್ನ ಬಿಡ್ತೀನಿ.”

“ಯಾವಾಕಿನ್ನ ಬೇ?”

“ಮೊದಲ ಬಂದಾಕಿನ್ನ.”

ಅಂದಿನಿಂದ ದಿನಾ ಬೆಳಿಗ್ಗೆ ಏಳು ಮಂದಿ ಶರಣಮ್ಮಂದಿರು ಕೂಸು ಕಂಕುಳಲ್ಲಿಟ್ಟುಕೊಂಡು ಓಡಿದರು. ಗೆದ್ದವಳು ಅವತ್ತಿನ ಮಟ್ಟಿಗೆ ಶರಣಮ್ಮ. ಉಳಿದ ಆರು ಮಂದಿ ಯಾರೂ ಅಲ್ಲ. ಈರಬಸಪ್ಪನ ಮೊಮ್ಮಗಳ ತಗಡಿನ ಶೆಡ್ಡು ಎಲ್ಲಕ್ಕಿಂತ ಹಿಂದಿತ್ತು. ಒಂದು ದಿನವೂ ಅವಳು ಶರಣಮ್ಮ ಆಗಲಿಲ್ಲ. ಪ್ರೇಮಕುಮಾರ ಗೂಟಕ್ಕೇ ಉಳಿದ.

ಭಾನುವಾರ ಮೊಮ್ಮಗಳು ಬಂದು ಇದನ್ನೆಲ್ಲ ಹೇಳಿದಾಗ ಈರಬಸಪ್ಪ ಕೇಳುತ್ತ ಕೂತ. ಮರುದಿನ ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟು, ಅಲ್ಲೇ ನಿಂತ.

“ಎಂತ ಅಜ್ಜ?” ಎಂದ ಸುಖೇಶ.

ಈರಬಸಪ್ಪ ಹೇಳಿದ. ಸುಖೇಶನಿಗೆ ಸಂತೋಷವಾಯಿತು. “ಅರೆ, ನಮ್ಮದನ್ನು ಬಳಸುವವರು ಪುಣೆಯಲ್ಲೇ ಇದ್ದಾರಾ? ನೋಡು ಮಾರಾಯ ಮಧು, ಬಳಸುವವರು.” ಆಮೇಲೆ ನಿಧಾನವಾಗಿ, “ಅದು ತಪ್ಪಲ್ಲ ಅಜ್ಜ. ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ತೆಗೆಯಬೇಕು ಅಂತ ನಾವೇ ಬರೆದದ್ದು. ಭಾರೀ ಕಷ್ಟಪಟ್ಟು ಬರೆದದ್ದು. ಗಂಡನ ಹೆಸರು ಸರಿ ಬರೆದರೆ ಆಯಿತು.”

ಗಂಡಂದಿರ ಹೆಸರು ಈರಬಸಪ್ಪನಿಗೆ ಗೊತ್ತಿತ್ತು. ಅವರ ಅಜ್ಜಂದಿರ ಹೆಸರೂ ಗೊತ್ತಿತ್ತು. ಅವತ್ತೇ ಸಂಜೆ ಕುಂಟುತ್ತ ಆಕುರ್ಡಿಗೆ ಹೋಗಿ ಭುವನೇಶ್ವರಿಗೆ ಬರೆಸಿದ. ಬೆಳಿಗ್ಗೆ ಏಳು ಹೋಗಿ ನಾಲ್ಕಾಗಿತ್ತು. ಯಾಕೆಂದರೆ ಏಳು ಮಂದಿಯಲ್ಲಿ ನಾಲ್ವರ ಗಂಡಂದಿರು ಭೀಮು, ಆ ನಾಲ್ವರೂ ಕೂಡಿ ಒಬ್ಬಳೇ ಆಗಿದ್ದರು. ಆ ನಾಲ್ವರಲ್ಲಿ ಈರಬಸಪ್ಪನ ಮೊಮ್ಮಗಳೂ ಒಬ್ಬಳು. ಮುಂದಿನ ಪಟ್ಟಿಯಲ್ಲಿ ಉಳಿದ ಮೂವರಿಗೆ ಜಾಗ ಸಿಕ್ಕಿತು. ಓಟ ಮೊದಲಿನ ಹಾಗೇ ನಡೆಯಿತು, ಓಡುವವರು ಮಾತ್ರ ಕಡಿಮೆಯಾದರು.

ಈರಬಸಪ್ಪ ಮತ್ತೆ ಮೇಜಿನ ಮುಂದೆ ನಿಂತ.

“ತಮ್ಮಾ, ಮಾರ್ಕೆಟ್ ಯಾರ್ಡಿನಾಗ ನಾಶಿಕದ ಉಳ್ಳಾಗಡ್ಡಿ ಲಾರಿ ಬರ್ತಿದ್ದು. ನೂರಾ ಇಪ್ಪತ್ತು ಚೀಲ. ಅದ ಬಣ್ಣ, ಅದ ಗುರುತು, ಅದ ತೂಕ. ಎಲ್ಲಾ ಒಂದ ನಮೂನಿ ಅವ ಅಂತ ನಾವೇನು ಒಂದ ಚೀಲ ಇಳಿಸಿ ಲಾರಿ ಹೊಳ್ಳಿ ಕಳಸ್ತಿದ್ದಿಲ್ಲ.”

ಮಧುಕರ ಬಾಯಲ್ಲಿದ್ದ ಚಹಾ ಉಗುಳದಂತೆ ತಡೆದುಕೊಂಡ. “ಕಾಕಾ, ಅದು ಚೀಲ. ಇದು ಡೇಟಾ.”

“ಮತ್ತ ಹ್ಯಾಂಗ ಎಣಸ್ತಿದ್ರಿ ಅಂತ ಕೇಳ್ರಲ್ಲ.”

“ಹ್ಯಾಂಗ?”

“ಚೀಲದ ಮಾರಿ ನೋಡ್ತಿದ್ದಿಲ್ಲ. ಲಾರಿ ಹಲಗಿಗೆ ಬಂತಂದ್ರ ಡಬ್ಬಿಗೆ ಒಂದು ಹುಣಸಿಬೀಜ. ಒಂದು ಚೀಲ, ಒಂದು ಬೀಜ. ಬೀಜ ಹಾಕಿದ ಮ್ಯಾಲ ಆ ಚೀಲ ಇಲ್ಲ ಅನ್ಲಾಕ ಯಾರಪ್ಪಗೂ ಆಗಂಗಿಲ್ಲ.”

ಮಾತು ಸರಿಯಾಗಿತ್ತು, ಅದೇ ತೊಂದರೆ. ಕೊನೆಗೆ ಸುಖೇಶ, “ನಮಗೆ ನಾವೇ ಬದಲಾಯಿಸಲಿಕ್ಕೆ ಬರುವುದಿಲ್ಲ ಅಜ್ಜ. ಎಲ್ಲರನ್ನೂ ಕೇಳಬೇಕು. ಎಲ್ಲರಿಗೂ ಒಟ್ಟಿಗೆ ಪತ್ರ ಹೋಗುವ ಮೇಲಿಂಗ್ ಲಿಸ್ಟಿಗೆ ದೂರು ಹಾಕುವಾ,” ಅಂದ. ಊರ ಕೆರೆಯಿಂದ ಒಂದು ಕೊಡ ತುಂಬಿಕೊಳ್ಳಲು ಏಳು ದೇಶದ ಪಂಚರು ಕೂಡಬೇಕಿತ್ತು.

ಮಧುಕರ ಇಂಗ್ಲಿಷಿನಲ್ಲಿ ದೂರು ಬರೆದ. ಕೆಳಗೆ ‘ಈರಬಸಪ್ಪನವರ ಪರವಾಗಿ’ ಎಂದೂ ಹಾಕಿದ, ಒಳ್ಳೆಯ ಹುಡುಗ. ಮೂರು ದಿನಕ್ಕೆ ಉತ್ತರಗಳು ಬಂದವು. ಅಮೆರಿಕದವನೊಬ್ಬ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡೋಣವೆಂದ. ಆ ಸಂಖ್ಯೆ ಎಷ್ಟು ಉದ್ದವಿರಬೇಕೆಂದು ಇನ್ನೊಬ್ಬ ಕೇಳಿದ. ಅದರ ಮೇಲೆ ನಲವತ್ತಮೂರು ಪತ್ರಗಳು ಬಂದವು. ನಲವತ್ತನೆಯದರಲ್ಲಿ ಒಬ್ಬರು ಇನ್ನೊಬ್ಬರ ಬುದ್ಧಿಯ ಉದ್ದವನ್ನು ಕೇಳಿದ್ದರು. ಕೊನೆಗೆ ಯಜಮಾನಿಕೆ ನಡೆಸುತ್ತಿದ್ದ ಜರ್ಮನಿಯವನು ಬರೆದ ಉತ್ತರವನ್ನು ಮಧುಕರ ಓದಿ ಕನ್ನಡದಲ್ಲಿ ಹೇಳಿದ:

“ಒಂದೇ ಹೆಸರು, ಒಂದೇ ಊರು, ಒಂದೇ ವಯಸ್ಸು, ಮೊದಲು ಕೂಸಿನಪ್ಪ ಎಂಬ ಒಬ್ಬನನ್ನೇ ಮದುವೆಯಾಗಿದ್ದ ಏಳು ಹೆಂಗಸರು. ಇಂಥ ಜನ ಎಲ್ಲೂ ಇರೂದಿಲ್ಲ. ಇದು ಯಾರೋ ಪರೀಕ್ಷೆ ಮಾಡ್ಲಾಕ ಹುಟ್ಟಿಸಿದ ಸುಳ್ಳು ಮಾಹಿತಿ. ದೂರು ಮುಚ್ಚಲಾಗಿದೆ. ಹಂಗಂತ ಬರದಾನ ಕಾಕಾ.”

“ಇಂಥ ಜನ ಇಲ್ಲ ಅಂತಾನ?”

“ಕಂಡರ ಮತ್ತ ತೆರೀತೀನಿ ಅಂದಾನ. ನಿಮ್ಮ ಕಣ್ಣ ಮುಂದ ಹಂಗ ಆಗಬೇಕು, ಆವಾಗ ಬರೀರಿ ಅಂದಾನ.”

ಈರಬಸಪ್ಪ ಖಾಲಿ ಲೋಟಗಳನ್ನು ಎತ್ತಿಕೊಂಡ. ಬಾಗಿಲವರೆಗೆ ಹೋಗಿ ತಿರುಗಿ, “ನೀವು ಸೋಮವಾರ ಎಷ್ಟಕ್ಕ ಬರ್ತೀರಿ?” ಎಂದು ಕೇಳಿದ.

“ಎಂಟಕ್ಕೆ. ಯಾಕೆ ಅಜ್ಜ?” ಎಂದ ಸುಖೇಶ.

“ಏನಿಲ್ರಿ. ಕಸ ಹೊಡಿಸಬೇಕಾಗಿತ್ತು.”

ಸೋಮವಾರ ಎಂಟು ಗಂಟೆಗೆ ಇಬ್ಬರೂ ಬಂದು ಕೂತು, ಮೊದಲ ಚಹಾ ಮುಗಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು. ಏಳು ಮಂದಿ ಹೆಂಗಸರು, ಕಂಕುಳಲ್ಲಿ ಏಳು ಕೂಸು, ತಲೆಯ ಮೇಲೆ ಇಟ್ಟಿಗೆ ಹೊರುವ ಸಿಂಬೆ. ಹಿಂದೆ ಈರಬಸಪ್ಪ. ಪಟ್ಟಿಯಲ್ಲಿ ಜಾಗ ಸಿಕ್ಕಿದ್ದ ಮೂವರೂ ಅವತ್ತು ಉಳಿದವರ ಜೊತೆ ಬಂದಿದ್ದರು.

“ಇಂಥ ಜನ ಇಲ್ಲ ಅಂದ್ರಲ್ರಿ. ಕರ್ಕೊಂಡ ಬಂದೀನಿ. ಹೆಸರು ಹೇಳ್ರಿ ಬೇ.”

“ಶರಣಮ್ಮ ರೀ.”

“ಶರಣಮ್ಮ.”

“ನಾನೂ ಶರಣಮ್ಮನ ಇದ್ದೀನ್ರಿ ಯಪ್ಪಾ, ಏನ ಮಾಡ್ಲಿ,” ಎಂದಳು ಮೂರನೆಯವಳು. ಎಡಗೈಯಲ್ಲಿ ಊಟ ಮಾಡುವುದರಿಂದ ಇವಳನ್ನು ಎಡಚಿ ಶರಣಮ್ಮ ಅನ್ನುತ್ತಿದ್ದರು, ಬಾಯಿ ಜೋರು.

ಸುಖೇಶ ಯಂತ್ರ ತೆಗೆದು ಏಳು ಹೆಸರನ್ನೂ ಚುಚ್ಚಿದ. ಗಂಡನ ಹೆಸರಿನ ಜಾಗಕ್ಕೆ ಬಂದಾಗ ಏಳೂ ಸೆರಗು ಏಳೂ ಬಾಯಿಗೆ ಹೋದವು. ‘ಕೂಸಿನಪ್ಪ’ ಎಂದು ಅವನೂ ಬರೆದ. ಸಿಂಕ್ ಮಾಡಿದ. ಗಾಜಿನ ಮೇಲೆ ಒಬ್ಬಳೇ ಶರಣಮ್ಮ ಉಳಿದಳು, ಕಡೆಗೆ ಹೇಳಿದವಳು.

“ಕಣ್ಣ ಮುಂದ ಆತಲ್ರಿ,” ಎಂದ ಈರಬಸಪ್ಪ.

“ಆಯಿತು ಅಜ್ಜ. ಖಂಡಿತ ಬರೆಯುತ್ತೇವೆ. ಮುಂದಿನ ಆವೃತ್ತಿಯಲ್ಲಿ ಸರಿ ಮಾಡುವಾ.”

“ಅದು ಯಾವಾಗ?”

“ಎರಡು ತಿಂಗಳು. ಹೆಚ್ಚೆಂದರೆ ಮೂರು.”

ಎರಡು ಹೆಜ್ಜೆ ಉಳಿದ ಹುಡುಗನಿಗೆ ಮೂರು ತಿಂಗಳು. ಈರಬಸಪ್ಪ ಮೊಮ್ಮಗಳ ಕಡೆ ನೋಡಿ ತಲೆಯಾಡಿಸಿದ. ಅವಳು ಪ್ರೇಮಕುಮಾರನನ್ನು ಮೆಲ್ಲಗೆ ನೆಲದ ಮೇಲೆ ಕೂರಿಸಿದಳು. ಎಡಚಿ ಶರಣಮ್ಮ ತನ್ನ ಮಗಳನ್ನು ಸುಖೇಶನ ಕುರ್ಚಿಯ ಪಕ್ಕದಲ್ಲೇ ಮಲಗಿಸಿದಳು. ಏಳೂ ಕೂಸು ನೆಲಕ್ಕಿಳಿದವು.

“ಎಂತ ಇದು?” ಎಂದು ಸುಖೇಶ ಎದ್ದು ನಿಂತ.

“ಒಂಬತ್ತಕ್ಕ ಹಾಜರಿ ರೀ ಅಣ್ಣಾರ,” ಎಂದಳು ಎಡಚಿ. “ಬಾಲವಾಡ್ಯಾಗ ನಾವು ಇಲ್ಲ. ನೀವ ಅಳಿಸೀರಿ. ಪಟ್ಟಿ ಸರಿ ಆಗೂ ತನಕ ಇವು ಇಲ್ಲೇ ಇರ್ತಾವ. ನನ್ನ ಮಗಳಿಗಿ ಬೆನ್ನು ತಟ್ಟಿದ್ರ ಮಲ್ಕೋತಾಳ. ಹಾಡೂ ಬೇಕಾಗ್ತದ.”

ಏಳು ಮಂದಿಯೂ ಇಳಿದು ಹೋದರು. ಮೆಟ್ಟಿಲ ತುದಿಯಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಮಧುಕರ ಈರಬಸಪ್ಪನ ಕಡೆ ಕೈಮುಗಿದ. “ಕಾಕಾ, ನೀವಾದರೂ ಹೇಳ್ರಿ.”

“ನಂದು ಬಾಗಲಾ ಕಾಯೂ ಕೆಲಸ ರೀ,” ಎಂದು ಈರಬಸಪ್ಪ ಸ್ಟೂಲನ್ನು ಹೊಸ್ತಿಲಿಗೆ ಅಡ್ಡ ಎಳೆದು ಕೂತ. ಒಂದು ಕೂಸೂ ಮೆಟ್ಟಿಲ ಕಡೆ ದಾಟದಂತೆ ಕಾಲು ಚಾಚಿದ.

ಆಮೇಲೆ ಆ ಕೋಣೆಯಲ್ಲಿ ನಡೆದದ್ದನ್ನು ಈರಬಸಪ್ಪ ಮುಂದೆ ಎಷ್ಟೋ ವರ್ಷ ನೆನೆಸಿಕೊಳ್ಳುತ್ತಿದ್ದ. ಯಂತ್ರವನ್ನು ಕೂರಿಸುವ ಪೀಠಕ್ಕೆ ಇಂಗ್ಲಿಷಿನಲ್ಲಿ ತೊಟ್ಟಿಲು ಅನ್ನುತ್ತಾರಂತೆ. ನಾಲ್ಕು ಯಂತ್ರಗಳಿಗೆ ನಾಲ್ಕು ತೊಟ್ಟಿಲಿದ್ದವು, ಏಳು ಕೂಸುಗಳಿಗೆ ಒಂದು ಚಾಪೆ. ಒಂಬತ್ತೂವರೆಗೆ ಮೊದಲನೆಯದು ಅತ್ತಿತು, ಉಳಿದವು ಅದರ ಜೊತೆ ಸಿಂಕ್ ಆದವು. ಹತ್ತಕ್ಕೆ ಒಂದು ಕೂಸು ಕೀಬೋರ್ಡಿನ ಮೇಲೆ ಉಚ್ಚೆ ಹೊಯ್ಯಿತು. ಹತ್ತೂವರೆಗೆ ಪ್ರೇಮಕುಮಾರ ಮೇಜಿನ ಕೆಳಗೆ ನುಗ್ಗಿ, ಒಂದು ನೀಲಿ ತಂತಿಯನ್ನು ಕಿತ್ತು ಬಾಯಿಗಿಟ್ಟ. ಸಂಗಮದ ಕೋಡನ್ನು ಎಲ್ಲ ದೇಶದವರಿಗೂ ತೋರಿಸುತ್ತಿದ್ದ ಅಲ್ಲಿನ ಸರ್ವರು ನಿಂತಿತು. ಕಾಲು ಗಂಟೆಯೊಳಗೆ ಜರ್ಮನಿಯಿಂದ ಪತ್ರ ಬಂತು: ಏನಾಗಿದೆ?

ಕೆಳಗಿನಿಂದ ಮೋಹನದಾಸರು ಹಾಲಿನ ಪಾತ್ರೆ ಕಳಿಸಿ, ತಾವೂ ಹಿಂದೆಯೇ ಬಂದು ಇಣುಕಿದರು. ಅಳಿಯನ ಹೆಗಲ ಮೇಲೊಂದು, ತೊಡೆಯ ಮೇಲೊಂದು ಕೂಸು.

“ಎಂತ ಮಾರಾಯ, ಮದುವೆಯಾಗು ಅಂದರೆ ಕೆಲಸ ಉಂಟು ಅಂತಿದ್ದಿ. ಇದು ಯಾವ ಕೆಲಸ?”

ಸುಖೇಶ ಎಡಚಿಯ ಮಗಳ ಬೆನ್ನು ತಟ್ಟುತ್ತಿದ್ದ. ಹಾಡು ಬಾರದ್ದರಿಂದ ಮಗ್ಗಿ ಹೇಳುತ್ತಿದ್ದ.

ಹನ್ನೊಂದು ಗಂಟೆಗೆ ಮಧುಕರ ತಂತಿ ಒರೆಸಿ ಸಿಕ್ಕಿಸಿ, ಬಾಗಿಲ ಕಡೆ ತಿರುಗಿದ. “ಕಾಕಾ, ಆ ಹುಣಸಿಬೀಜ. ಹಲಗಿ ದಾಟೂ ಮುಂದ ಹಾಕ್ತಿದ್ರೋ, ದಾಟಿದ ಮ್ಯಾಲೋ?”

“ದಾಟೂ ಮುಂದ. ಚೀಲ ಹೆಗಲ ಮ್ಯಾಲ ಇರೂವಾಗನ.”

“ಅಂದರ ಬರದ ಕೂಡ್ಲೆ ಸಂಖ್ಯೆ. ಸಿಂಕ್ ಆಗೂಕ್ಕಿಂತ ಮೊದಲ.”

“ನೀವು ಏನಂತೀರೋ ಗೊತ್ತಿಲ್ಲ. ನಾವು ಬೀಜ ಅಂತೀವಿ.”

ಆ ಹೊತ್ತು ಯಾರೂ ಏಳು ದೇಶದವರನ್ನು ಕೇಳಲಿಲ್ಲ. ಸಂಖ್ಯೆ ಎಷ್ಟು ಉದ್ದ ಎಂದು ಚರ್ಚೆಯಾಗಲಿಲ್ಲ. ಮೂರು ತಿಂಗಳ ಕೆಲಸ ನಾಲ್ಕೂಕಾಲಿಗೆ ಮುಗಿಯಿತು. ನಡುವೆ ಎರಡು ಸಲ ನೆಲ ಒರೆಸಿದ್ದೂ ಸೇರಿ. ಭುವನೇಶ್ವರಿಗೆ ಫೋನ್ ಮಾಡಿದರು. ಅವಳು ಏಳು ಹೆಸರನ್ನೂ ಮತ್ತೆ ಬರೆದು ಸಿಂಕ್ ಮಾಡಿದಳು. ಏಳೂ ಉಳಿದವು. ಸುಖೇಶ ಒಂದೊಂದಾಗಿ ಓದಿದ, ಶರಣಮ್ಮ, ಶರಣಮ್ಮ, ಶರಣಮ್ಮ, ಪೂಜೆಯ ಮಂತ್ರ ಹೇಳುವ ಹಾಗೆ.

ಸಂಜೆ ತಾಯಂದಿರು ಬಂದು ಮಕ್ಕಳನ್ನು ಎತ್ತಿಕೊಂಡರು. “ಹೊಟ್ಟಿ ತುಂಬ ಹಾಲು ಕುಡಿಸೀರಿ ಅಣ್ಣಾರ, ಪುಣ್ಯ ಬರ್ತದ,” ಎಂದು ಎಡಚಿ ಹೊರಟಳು. “ನಾಳೆಗೂ ಹಂಗ ಏನರೆ ಕೆಟ್ಟಿದ್ರ ಹೇಳ್ರಿ, ಬಿಟ್ಟು ಹೋಗ್ತೀವಿ.”

ಮುಂದಿನ ಸೋಮವಾರಕ್ಕೆ ಕಾಯದೆ ಮರುದಿನವೇ ಸಂಸ್ಥೆಯ ಆಫೀಸಿನಿಂದ ಹೊಸ ಪಟ್ಟಿ ಬಂತು. ಏಳು ಮಂದಿ ಶರಣಮ್ಮ, ಏಳು ಬೇರೆ ಬೇರೆ ಸಂಖ್ಯೆ. ಮೂರು ವಾರ ಹೆಂಗಸರು ಎದುರಿಗೇ ನಿಂತು ಬೇಡಿಕೊಂಡಾಗ ನಂಬದಿದ್ದ ಗುತ್ತಿಗೆದಾರ, ಕಾಗದ ನೋಡಿದೊಡನೆ ಹಾಲು ಹೆಚ್ಚಿಸಿದ. ಸಾಬವ್ವ ಬಾಗಿಲು ಬಿಟ್ಟಳು. ಮರಳುಗುಡ್ಡೆಯ ಪಕ್ಕದ ಗೂಟವನ್ನು ಈರಬಸಪ್ಪ ತಾನೇ ಹೋಗಿ ಕಿತ್ತು, ಹೋಟೆಲಿನ ಒಲೆಗೆ ತಂದು ಹಾಕಿದ.

ಎರಡು ತಿಂಗಳ ಮೇಲೆ ಸಂಗಮದ ಹೊಸ ಆವೃತ್ತಿ ಹೊರಬಿತ್ತು. ಅದರ ಜೊತೆ ನೆರವಾದವರ ಹೆಸರುಗಳ ಒಂದು ಕಡತ ಇರುತ್ತದೆ. ಮಧುಕರ ಈರಬಸಪ್ಪನ ಹೆಸರು ಬರೆದು, ಕೆಳಗೆ ಒಂದೊಂದು ಸಾಲಿಗೆ ಒಬ್ಬಳಂತೆ ಏಳು ಶರಣಮ್ಮಂದಿರನ್ನೂ ಬರೆದಿದ್ದ. ಹೊರಬಿದ್ದ ದಿನ ಅದನ್ನು ತೋರಿಸಲು ಈರಬಸಪ್ಪನನ್ನು ಕರೆದರು. ಕಡತ ತೆರೆದ ಸುಖೇಶನ ಮುಖ ಸಣ್ಣಗಾಯಿತು.

“ಏನಾತ್ರಿ?”

“ಜರ್ಮನಿಯವನು ಕಡೆಗೆ ಒಮ್ಮೆ ಕಣ್ಣಾಡಿಸಿದ್ದಾನೆ ಅಜ್ಜ. ಒಂದೇ ಹೆಸರು ತಪ್ಪಿ ಏಳು ಸಲ ಬಂದಿತ್ತು, ಆರನ್ನು ತೆಗೆದಿದ್ದೇನೆ ಅಂತ ಬರೆದಿದ್ದಾನೆ.”

ಈರಬಸಪ್ಪ ಚಹಾ ಸೋಸಿದ. ಮೂರು ಲೋಟಕ್ಕೂ ಸಮನಾಗಿ ಬಗ್ಗಿಸಿದ.

“ಆ ಸಾಹೇಬರ ಊರು ಭಾಳ ದೂರೇನ್ರಿ?”

“ದೂರ ಅಜ್ಜ. ವಿಮಾನದಲ್ಲಿ ಎಂಟೊಂಬತ್ತು ತಾಸು.”

“ಹಂಗಾದ್ರ ಬಿಡ್ರಿ,” ಎಂದ ಈರಬಸಪ್ಪ. “ಅಷ್ಟು ದೂರ ಕೂಸುಗೋಳ್ನ ಒಯ್ಲಾಕ ಆಗಂಗಿಲ್ಲ.”